ಬಿಪಿ ಪಟ್ಟಿ ಹಿಡಿದು ಕುದ್ರು ಸುತ್ತಿದ ನಾಲ್ಕು ದಿನ

"ದ್ವೀಪಕ್ಕೆ ಹೋಗ್ಲಿಕ್ಕುಂಟು, ನಾಲ್ಕು ದಿನ ರಜೆ ಹಾಕು" ಎಂದು ಮೇಷ್ಟ್ರು ಫೋನಿನಲ್ಲಿ ಹೇಳಿದಾಗ ನನ್ನ ತಲೆಗೆ ಬಂದದ್ದು ಲಕ್ಷದ್ವೀಪ. ಹಡಗು ಎಷ್ಟು ಗಂಟೆಗೆ ಎಂದು ಕೇಳಿಯೂಬಿಟ್ಟೆ. "ಹಡಗಲ್ಲ ಮಾರಾಯ, ಕೆಮ್ಮಣ್ಣು ಬಸ್ಸು" ಎಂದರು.

ಹೋಗಬೇಕಾಗಿದ್ದದ್ದು ಕುದ್ರುಗಳಿಗೆ, ಬಿಪಿ, ಶುಗರ್ ನೋಡುವ ಕ್ಯಾಂಪಿಗೆ. ಕರಾವಳಿಯವರಲ್ಲದವರಿಗೆ ಒಂದು ಮಾತು: ಘಟ್ಟದಿಂದ ಓಡಿ ಬರುವ ನಮ್ಮ ಹೊಳೆಗಳು ಸಮುದ್ರದ ಹತ್ತಿರ ಬಂದು ನಿಧಾನವಾಗುತ್ತವೆ. ಹೊತ್ತು ತಂದ ಮಣ್ಣು, ಮರಳನ್ನು ಅಲ್ಲಲ್ಲೇ ಇಳಿಸುತ್ತವೆ. ಹಾಗೆ ಹೊಳೆಯ ನಡುವೆ ಎದ್ದ ನೆಲವೇ ಕುದ್ರು. ಸ್ವರ್ಣೆಯಲ್ಲಿ ಉಂಟು, ಸೀತೆಯಲ್ಲಿ ಉಂಟು, ಕುಂದಾಪುರದ ಪಂಚಗಂಗಾವಳಿಯಲ್ಲಂತೂ ಸಾಲು ಸಾಲು. ಯಕ್ಷಗಾನ ಗೊಂಬೆಯಾಟದಿಂದ ಹೆಸರಾದ ಉಪ್ಪಿನಕುದ್ರುವಿನಂಥ ದೊಡ್ಡವಕ್ಕೆ ಈಗ ರಸ್ತೆ ಬಂದಿದೆ. ಸಣ್ಣವಕ್ಕೆ ಇವತ್ತಿಗೂ ದೋಣಿಯೇ ಗತಿ.

ನಾನು ಡಾಕ್ಟರಲ್ಲ. ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ತಂಡಕ್ಕೆ ನನ್ನನ್ನು ಸೇರಿಸಿಕೊಂಡದ್ದು ಎರಡು ಕಾರಣಕ್ಕೆ. ಅಕ್ಷರ ಚೆನ್ನಾಗಿದೆ, ತುಳು, ಕೊಂಕಣಿ, ಕುಂದಾಪ್ರ ಕನ್ನಡ ಮೂರೂ ಬರುತ್ತವೆ. ಇಬ್ಬರು ಡಾಕ್ಟರಲ್ಲಿ ಒಬ್ಬರು ಕುಂದಾಪುರ ಕಡೆಯ ಡಾಕ್ಟ್ರಮ್ಮ. ಇನ್ನೊಬ್ಬ ಉತ್ತರ ಭಾರತದ ಹುಡುಗ. ಕನ್ನಡವನ್ನು ಅಂಗಡಿಗೆ ಹೋಗುವಷ್ಟು ಕಲಿತಿದ್ದ, ತುಳು ಸೊನ್ನೆ. ಜೊತೆಗೆ ಒಬ್ಬ ನರ್ಸ್ ಅಕ್ಕ, ನಿವೃತ್ತ ಚರಿತ್ರೆ ಮೇಷ್ಟ್ರು, ಆಯಾ ಊರಿನ ಆಶಾ ಕಾರ್ಯಕರ್ತೆ.

ಸಣ್ಣ ಕುದ್ರುಗಳ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಹತ್ತು ಮನೆ ಇರುವ ಜಾಗದ ಹೆಸರು ಹೇಳಿದರೆ ಯಾರ ಶುಗರ್ ಎಷ್ಟು ಎಂದು ಇಡೀ ಊರಿಗೆ ಗೊತ್ತಾಗುತ್ತದೆ.

ಶುಕ್ರವಾರ

ಮೇ ತಿಂಗಳು. ಪತ್ತನಾಜೆಗೆ, ಎಂದರೆ ಮಳೆಗಾಲಕ್ಕೆ ಮೊದಲು ಕೋಲ, ಯಕ್ಷಗಾನ ಎಲ್ಲ ನಿಲ್ಲುವ ದಿನಕ್ಕೆ, ಇನ್ನೊಂದು ವಾರ. ಮಳೆ ಹಿಡಿದರೆ ಕುದ್ರುಗಳಿಗೆ ಹೋಗುವುದೂ ಕಷ್ಟ, ಅಲ್ಲಿನವರು ಬರುವುದೂ ಕಷ್ಟ. ಹಾಗಾಗಿ ಈ ಸಮಯ.

ಬಸ್ಸಿನಲ್ಲಿ ಮೇಷ್ಟ್ರು ನನ್ನ ಲಕ್ಷದ್ವೀಪವನ್ನು ಬಿಡಲೇ ಇಲ್ಲ. "ನಿನ್ನ ತಪ್ಪಲ್ಲ, ಅದು ಹಿಂದೆ ನಮ್ಮದೇ ಜಿಲ್ಲೆ" ಎಂದರು. ನನಗೆ ಇದು ನಿಜಕ್ಕೂ ಗೊತ್ತಿರಲಿಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದನ್ನು ಅಮಿನಿದಿವಿ ದ್ವೀಪಗಳು ಎನ್ನುತ್ತಾರೆ. ಟಿಪ್ಪುವಿನ ಕೈಯಲ್ಲಿದ್ದವು 1799ರಲ್ಲಿ ಬ್ರಿಟಿಷರಿಗೆ ಹೋಗಿ, 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಅಲ್ಲಿನ ಕಡತ ಬರುತ್ತಿದ್ದದ್ದು ಮಂಗಳೂರಿಗೆ. ಈಗಲೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳಲ್ಲಿ ತರಕಾರಿ, ಸಿಮೆಂಟು, ಜಲ್ಲಿ ಅಲ್ಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ನಿಲ್ಲುತ್ತದೆ. "ನೀರು ಬೇಡ ಅಂದ್ರೆ ಯಾವ ಸರ್ಕಾರದ್ದೂ ನಡೆಯೂದಿಲ್ಲ" ಎಂದರು ಮೇಷ್ಟ್ರು.

ಉಡುಪಿ ಹತ್ತಿರದ ಕೆಮ್ಮಣ್ಣಿನ ತೂಗುಸೇತುವೆ ದಾಟಿದರೆ ತಿಮ್ಮಣ್ಣಕುದ್ರು. ಬೆಳಿಗ್ಗೆ ಎಂಟಕ್ಕೇ ಸೇತುವೆ ಮೇಲೆ ಫೋಟೊ ತೆಗೆಯುವವರು ನಿಂತಿದ್ದರು. ನಾವು ಔಷಧಿ ಪೆಟ್ಟಿಗೆ ಹಿಡಿದು ನಡೆದಾಗ ಸೇತುವೆ ತೂಗಿತು, ಸೆಲ್ಫಿಯವರು ಕಿರುಚಿದರು. ನಮ್ಮ ಕಡೆ ತೂಗುಸೇತುವೆ ಎಂದರೆ ಸುಳ್ಯದ ಗಿರೀಶ್ ಭಾರದ್ವಾಜರ ಹೆಸರು ಬರದೆ ಮಾತು ಮುಗಿಯುವುದಿಲ್ಲ. 1989ರಲ್ಲಿ ಅರಂಬೂರಿನಲ್ಲಿ ಮೊದಲನೆಯದು ಕಟ್ಟಿದವರು, 2017ರಲ್ಲಿ ಪದ್ಮಶ್ರೀ ಬಂತು. ಪ್ರವಾಸಿಗರಿಗೆ ತೂಗುಸೇತುವೆ ಉಯ್ಯಾಲೆ. ಆಚೆಯವರಿಗೆ ಅದೇ ರಸ್ತೆ.

ಅಲ್ಲಿಂದ ಮುಂದೆ ದೋಣಿಯಲ್ಲಿ ಇನ್ನೊಂದು ಸಣ್ಣ ಕುದ್ರುವಿಗೆ ಹೋದೆವು. ಒಂದು ಮನೆಯ ಜಗಲಿಯೇ ನಮ್ಮ ಆಸ್ಪತ್ರೆ. ನನ್ನ ಕೈಗೆ ಬಿಪಿ ಮೆಷಿನ್ ಕೊಟ್ಟರು. ಬಟನ್ ಒತ್ತಿದರೆ ಆಯಿತು, ಇದರಲ್ಲಿ ಕಲಿಯುವುದೇನು ಎಂದುಕೊಂಡು ಹತ್ತು ಜನರದ್ದು ಪಟಪಟ ನೋಡಿ ಬರೆದೆ. ಹತ್ತರಲ್ಲಿ ಎಂಟು ಜನಕ್ಕೆ ಬಿಪಿ. ನರ್ಸ್ ಅಕ್ಕ ಪುಸ್ತಕ ನೋಡಿ ಹುಬ್ಬು ಏರಿಸಿದರು.

"ಇವ್ರು ಹೇಗೆ ಬಂದದ್ದು ಕೇಳಿದ್ರಾ?"

ಕೇಳಿರಲಿಲ್ಲ. 168 ಬಂದ ಅಣ್ಣ ಆಗಷ್ಟೇ ಆಚೆ ದಡದಿಂದ ಹುಟ್ಟು ಹಾಕಿಕೊಂಡು ಬಂದವರು. ಇನ್ನೊಬ್ಬರು ಬೀಡಿ ಎಸೆದು ನೇರ ಬಂದು ಕೂತವರು. ಒಬ್ಬ ಅಮ್ಮ ಕಾಲ ಮೇಲೆ ಕಾಲು ಹಾಕಿ, ಪೂರ್ತಿ ಹೊತ್ತು ಮಗನ ಮದುವೆ ವಿಷಯ ಮಾತಾಡುತ್ತಿದ್ದರು. ನರ್ಸ್ ಅಕ್ಕ ಎಲ್ಲರನ್ನೂ ಮತ್ತೆ ಕೂರಿಸಿದರು. ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ ಬೇಕು, ಪಾದ ನೆಲದ ಮೇಲೆ ಇರಬೇಕು, ಕೈ ಎದೆಯ ಮಟ್ಟಕ್ಕೆ. ಪಟ್ಟಿ ಅಂಗಿಯ ಮೇಲೆ ಅಲ್ಲ, ಬರಿ ತೋಳಿಗೆ. ಮೂತ್ರ ಒತ್ತಿ ಬಂದಿದ್ದರೆ ಮೊದಲು ಹೋಗಿ ಬರಬೇಕು, ಅದಕ್ಕೂ ಬಿಪಿ ಏರುತ್ತದೆ. 168ರ ಅಣ್ಣನದ್ದು ಎರಡನೇ ಸಲಕ್ಕೆ 142ಕ್ಕೆ ಇಳಿಯಿತು. ಎಂಟು ಜನರಲ್ಲಿ ಉಳಿದದ್ದು ನಾಲ್ವರು. ಬಿಪಿ ಇಲ್ಲದ ಇನ್ನು ನಾಲ್ವರಿಗೆ ನಾನು ಮಾತ್ರೆ ತಿನ್ನಿಸಿಬಿಡುತ್ತಿದ್ದೆ, ಅಲ್ವಾ? ಆಮೇಲೆ ನಾಲ್ಕೂ ದಿನ ನನ್ನ ಬಾಯಲ್ಲಿ ಒಂದೇ ಮಾತು: "ಬಲೆ, ಕುಲ್ಲುಲೆ. ಪಾತೆರೊಡ್ಚಿ." ಬನ್ನಿ, ಕೂರಿ, ಮಾತಾಡಬೇಡಿ.

ಮಧ್ಯಾಹ್ನ ಒಬ್ಬ ಅಜ್ಜ ಬಂದರು. ಹಿಂದೊಮ್ಮೆ ಯಾವುದೋ ಕ್ಯಾಂಪಿನಲ್ಲಿ ಬಿಪಿ ಇದೆ ಎಂದು ಮಾತ್ರೆ ಕೊಟ್ಟಿದ್ದರಂತೆ. ಈಗ ತಗೊಳ್ಳುತ್ತಿದ್ದೀರಾ ಎಂದು ಕೇಳಿದೆ. "ಮಾತ್ರೆ ಮುಗಿಂಡ್, ಸೀಕ್‌ಲಾ ಮುಗಿಂಡ್" ಎಂದು ನಕ್ಕರು. ಮಾತ್ರೆ ಮುಗಿಯಿತು, ಕಾಯಿಲೆಯೂ ಮುಗಿಯಿತು. ಹುಡುಗ ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದೆ. ಅವನು ನಗಲಿಲ್ಲ. ಅಜ್ಜನ ಬಿಪಿ ಮೂರು ಸಲ ನೋಡಿದರೂ 180ರ ಮೇಲೆಯೇ ಇತ್ತು.

ಆಶಾ ಅಕ್ಕ ದೋಣಿಯಲ್ಲಿ ವಾಪಸು ಬರುವಾಗ ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಬೇಡಿ ಸರ್. ಕ್ಯಾಂಪಿನವ್ರು ಹದಿನೈದು ದಿನದ ಮಾತ್ರೆ ಕೊಟ್ಟು ಹೋಗ್ತೀರಿ. ಹದಿನಾರನೇ ದಿನ ಏನು ಅಂತ ಯಾರೂ ಹೇಳೂದಿಲ್ಲ." ಬಿಪಿ, ಶುಗರ್ ಮಾತ್ರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ತರುವುದಕ್ಕೆ ಒಂದು ದೋಣಿ, ಒಂದು ಬಸ್ಸು, ಒಂದು ದಿನದ ಕೆಲಸ ಹೋಗುತ್ತದೆ. ಅವರ ಮಾತಿನ ಮೇಲೆ ಡಾಕ್ಟ್ರಮ್ಮ ಅವತ್ತು ರಾತ್ರಿ ಕ್ರಮವನ್ನೇ ಬದಲಾಯಿಸಿದರು. ನಮ್ಮ ಪೆಟ್ಟಿಗೆಯ ಮಾತ್ರೆಯ ಜೊತೆಗೆ ಪ್ರತಿಯೊಬ್ಬರಿಗೂ ಆರೋಗ್ಯ ಕೇಂದ್ರಕ್ಕೆ ಚೀಟಿ, ಅದರ ನಕಲು ಆಶಾ ಅಕ್ಕನ ಪುಸ್ತಕಕ್ಕೆ. ನಕಲು ಬರೆಯುವವನು ಯಾರೆಂದು ಹೇಳಬೇಕಾಗಿಲ್ಲ.

ಶನಿವಾರ

ಈ ದಿನದ್ದು ಬರೆಯಲಿಕ್ಕೆ ಜಾಸ್ತಿ ಉಂಟು. ತಪ್ಪು ಶುರುವಾದದ್ದು ನನ್ನಿಂದಲೇ.

ದೋಣಿಯ ಅಣ್ಣ ಹಿಂದಿನ ದಿನವೇ ಹೇಳಿದ್ದರು. ಏಳಕ್ಕೆ ಹೊರಡಬೇಕು, ಹತ್ತಕ್ಕೆಲ್ಲ ವಾಪಸು ದೋಣಿ ಹತ್ತಬೇಕು, ಆಮೇಲೆ ಇಳಿತ. ಹೊಳೆ ಎಂದರೂ ಇಲ್ಲಿ ನಡೆಯುವುದು ಸಮುದ್ರದ ಯಜಮಾನಿಕೆ. ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಾನು ಶುಗರ್ ನೋಡುವ ಸ್ಟ್ರಿಪ್‌ಗಳ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಹೋಗಿ ತರುವಾಗ ಎಂಟೂವರೆ. ದೋಣಿಯ ಅಣ್ಣ ಏನೂ ಹೇಳಲಿಲ್ಲ. ನೀರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

ಕುದ್ರುವಿನಲ್ಲಿ ಮೊದಲು ಬಂದದ್ದು ಮರುವಾಯಿ, ಎಂದರೆ ಚಿಪ್ಪುಮೀನು, ಹೆಕ್ಕುವ ಹೆಂಗಸರು. ಸೊಂಟದ ತನಕ, ಕೆಲವೊಮ್ಮೆ ಎದೆಯ ತನಕ ನೀರಿನಲ್ಲಿ ನಿಂತು, ಕಾಲಿನಲ್ಲೇ ಮಣ್ಣು ತಡಕಿ ಚಿಪ್ಪು ಹೆಕ್ಕುತ್ತಾರೆ. ದಿನಕ್ಕೆ ನಾಲ್ಕೈದು ಗಂಟೆ. ಕಾಲಿನ ಬೆರಳ ಸಂದಿ ಬೆಳ್ಳಗೆ ಬೆಂದ ಹಾಗೆ ಆಗಿತ್ತು. ಹಿಮ್ಮಡಿಯಲ್ಲಿ ಚಿಪ್ಪು ಕೊಯ್ದ ಗೆರೆಗಳು, ಹಳೆಯದರ ಮೇಲೆ ಹೊಸದು. ಡಾಕ್ಟ್ರಮ್ಮ ಮುಲಾಮು ಕೊಟ್ಟು "ಕಾಲು ಒಣಗಿಸಿ ಇಟ್ಕೊಳ್ಳಿ" ಎಂದರು. ಹೇಳಿದ ಮೇಲೆ ಅವರಿಗೇ ನಗು ಬಂತು. ಆ ಹೆಂಗಸರೂ ನಕ್ಕರು. ಆಮೇಲೆ ಮಾತು ತಿದ್ದಿ, ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಬೆರಳ ಸಂದಿಯನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ ರಾತ್ರಿ ಮುಲಾಮು ಹಚ್ಚಲು ಹೇಳಿದರು. ಗಾಯ ಇರುವಾಗ ಮಳೆಗಾಲದ ಗದ್ದೆ ನೀರಿಗೆ ಇಳಿಯುವವರಿಗೆ ಇಲಿಜ್ವರದ ಮಾತನ್ನೂ ಹೇಳಿದರು. ಇಲಿಯ ಮೂತ್ರ ಸೇರಿದ ನೀರು ಗಾಯದಿಂದ ಒಳಗೆ ಹೋದರೆ ಸಾಕು. ಜ್ವರ, ಮೀನಖಂಡದ ನೋವು ಬಂದರೆ ಮನೆಯಲ್ಲಿ ಮಲಗಬಾರದು, ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

"ಅದೇ ದಿನ ಹೋಗೂದು ನಮ್ಮ ಕೈಯಲ್ಲಿ ಇಲ್ಲ ಅಮ್ಮ, ನೀರಿನ ಕೈಯಲ್ಲಿ ಉಂಟು" ಎಂದರು ಒಬ್ಬರು.

ಮಾವಿನಹಣ್ಣಿನ ಪ್ರಕರಣ ನಡೆದದ್ದು ಇದಾದ ಮೇಲೆ. ಮೂವತ್ತೈದರ ಆಸುಪಾಸಿನ ಒಬ್ಬ ಅಣ್ಣ, ಗಟ್ಟಿ ಆಳು. ಬೆರಳನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದೆ, ಚುಚ್ಚಿದೆ, ಸ್ಟ್ರಿಪ್ಪಿಗೆ ರಕ್ತ ಮುಟ್ಟಿಸಿದೆ. 412. ನನ್ನ ಕೈ ನಡುಗಿತು. ಅವರ ಹೆಂಡತಿ ಪಕ್ಕದಲ್ಲೇ ಇದ್ದರು, ಅವರ ಮುಖ ಬಿಳಿಚಿತು. ಹುಡುಗ ಡಾಕ್ಟರ್ ಓಡಿ ಬಂದ. ಬಾಯಾರಿಕೆ ಉಂಟಾ, ರಾತ್ರಿ ಎಷ್ಟು ಸಲ ಏಳುತ್ತೀರಿ, ತೂಕ ಇಳಿದಿದೆಯಾ? ಎಲ್ಲಕ್ಕೂ ಇಲ್ಲ ಎಂಬುದೇ ಉತ್ತರ. ಡಾಕ್ಟರ್ ಆ ಕೈಯನ್ನು ಹಿಡಿದು ಮೂಗಿಗೆ ಹತ್ತಿರ ತಂದ. ನಾನು ಬೆಪ್ಪಾಗಿ ನೋಡುತ್ತಿದ್ದೆ. "ಈಗ ಏನು ತಿಂದ್ರಿ?" ಎಂದು ಅವನ ಅಂಗಡಿ ಕನ್ನಡದಲ್ಲಿ ಕೇಳಿದ.

ಕಾಟು ಮಾವಿನಹಣ್ಣು. ಬರುವ ದಾರಿಯಲ್ಲಿ ಮರದಡಿ ಬಿದ್ದದ್ದನ್ನು ಹಿಂಡಿ ಚೀಪಿಕೊಂಡು ಬಂದಿದ್ದರು. ರಸ ಬೆರಳಿಗೆ ಅಂಟಿಕೊಂಡಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿದರೆ ಆ ಸಕ್ಕರೆ ಪೂರ್ತಿ ಹೋಗುವುದಿಲ್ಲ, ಸಾಬೂನು ಹಾಕಿ ತೊಳೆಯಲೇಬೇಕು. ಬಾವಿಕಟ್ಟೆಗೆ ಹೋಗಿ ಕೈ ತೊಳೆದು, ಒರೆಸಿ, ಬೇರೆ ಬೆರಳು ಚುಚ್ಚಿದರೆ 121. ಅವರ ಹೆಂಡತಿ ಮೊದಲು ನಿಟ್ಟುಸಿರು ಬಿಟ್ಟರು, ಆಮೇಲೆ ಗಂಡನಿಗೆ ಬೈದರು, ಆಮೇಲೆ ನನ್ನನ್ನು ನೋಡಿದರು. ಮೂರನೆಯದು ನ್ಯಾಯವೇ. ಅವತ್ತಿನಿಂದ ಜಗಲಿಯ ಪಕ್ಕ ಒಂದು ಬಕೆಟ್ ನೀರು, ಒಂದು ಸಾಬೂನು ಕಡ್ಡಾಯವಾಯಿತು.

ಕನ್ನಡಕದ ಪೆಟ್ಟಿಗೆ ಮೇಷ್ಟ್ರ ಹತ್ತಿರ ಇತ್ತು. ನಲವತ್ತು ದಾಟಿದವರಿಗೆ ಹತ್ತಿರದ್ದು ಓದಲು ಬೇಕಾಗುವ ಸಾದಾ ಕನ್ನಡಕಗಳು. ಬಲೆ ಹೆಣೆಯುವ ಒಬ್ಬ ಅಣ್ಣನಿಗೆ ಅಕ್ಷರ ಓದುವ ಅಭ್ಯಾಸ ಇಲ್ಲ, ಹಾಗಾಗಿ ಬೀಸುಬಲೆಯನ್ನೇ ತಂದು ನೋಡಿಸಿದೆವು. ಕನ್ನಡಕ ಹಾಕಿ ಬಲೆಯನ್ನು ಬೆಳಕಿಗೆ ಹಿಡಿದರು. ಸ್ವಲ್ಪ ಹೊತ್ತು ಮಾತಿಲ್ಲ. "ಇಷ್ಟು ತೂತು ಉಂಟಾ ಇದ್ರಲ್ಲಿ! ಮೀನು ಯಾಕೆ ಸಿಗೂದಿಲ್ಲ ಅಂತ ಈಗ ಗೊತ್ತಾಯ್ತು."

ಹನ್ನೆರಡಕ್ಕೆ ಮುಗಿಸಿ ಎದ್ದಾಗ ದೋಣಿ ಕೆಸರಿನಲ್ಲಿ ಕೂತಿತ್ತು. ಹೊಳೆ ಎಲ್ಲೋ ದೂರದಲ್ಲಿ ಗೆರೆಯ ಹಾಗೆ ಕಾಣುತ್ತಿತ್ತು. ನಡುವೆ ಮೊಣಕಾಲು ಹೂಳುವ ಕಪ್ಪು ಕೆಸರು. ಎದುರು ದಡದ ರಸ್ತೆಯಲ್ಲಿ ಬಸ್ಸು ಹೋಗುವುದು ಕಾಣುತ್ತದೆ, ಹಾರನ್ ಕೇಳುತ್ತದೆ. "ನಾಲ್ಕೂವರೆ" ಎಂದರು ದೋಣಿಯ ಅಣ್ಣ. ಅಷ್ಟೇ.

ಆ ಮನೆಯ ಅಮ್ಮ ಗಂಜಿಗೆ ಕರೆದರು. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ ಪಲ್ಯ. ಬೆಳಿಗ್ಗೆ ತಾನೆ ಹುಡುಗ ಡಾಕ್ಟರ್ ನನ್ನ ಬಾಯಿಯಿಂದ ಎಲ್ಲರಿಗೂ ಹೇಳಿಸಿದ್ದ: ದಿನಕ್ಕೆ 5 ಗ್ರಾಂ ಉಪ್ಪು, ಎಂದರೆ ಒಂದು ಸಣ್ಣ ಚಮಚ, ಅದಕ್ಕಿಂತ ಜಾಸ್ತಿ ಬೇಡ, ಒಣಮೀನು ಕಮ್ಮಿ ಮಾಡಿ. ಈಗ ಅವನೇ ಚಟ್ನಿ ಎರಡು ಸಲ ಹಾಕಿಸಿಕೊಂಡ. ಅಮ್ಮ ಬಡಿಸುತ್ತಾ "ಡಾಕ್ಟ್ರಿಗೆ ಚಮಚ ಕೊಡ್ಲಾ?" ಎಂದು ಕೇಳಿದರು. ಅದನ್ನು ಮಾತ್ರ ನಾನು ಅನುವಾದ ಮಾಡಲಿಲ್ಲ. ಡಾಕ್ಟ್ರಮ್ಮನ ಗಮನ ನೀರಿನ ಲೋಟದ ಮೇಲಿತ್ತು. ಬಾವಿ ನೀರು ಉಪ್ಪಾ ಎಂದು ಕೇಳಿದರು. ಮಾರ್ಚಿನಿಂದ ಮಳೆ ಬೀಳುವ ತನಕ ಉಪ್ಪೇ, ಕುಡಿಯುವ ನೀರು ದೋಣಿಯಲ್ಲಿ ಕೊಡದಲ್ಲಿ ಬರಬೇಕು, ಅಡುಗೆಗೆ ಮಾತ್ರ ಬಾವಿಯದ್ದು. ಡಾಕ್ಟ್ರಮ್ಮ ಅದನ್ನೂ ಪುಸ್ತಕದಲ್ಲಿ ಬರೆಸಿದರು.

ಊಟ ಆದ ಮೇಲೆ ಮಾತಿಗೆ ಹೊತ್ತಿತ್ತು. ಎರಡು ವರ್ಷದ ಹಿಂದೆ ಅಮ್ಮನ ಗಂಡನಿಗೆ ರಾತ್ರಿ ಎದೆನೋವು ಬಂತಂತೆ. 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬೇಗವೇ ಬಂತು. ಎದುರು ದಡದಲ್ಲಿ ನಿಂತು ಅದರ ಲೈಟು ತಿರುಗುವುದು ಈ ಜಗಲಿಯಿಂದ ಕಾಣುತ್ತಿತ್ತು. ಆದರೆ ಅದು ಇಳಿತದ ಹೊತ್ತು. ಕೊನೆಗೆ ಅವರನ್ನು ಕುರ್ಚಿಗೆ ಹಗ್ಗದಲ್ಲಿ ಕಟ್ಟಿ, ನಾಲ್ಕು ಜನ ಹೊತ್ತು ಕೆಸರಿನಲ್ಲಿ ನಡೆದರು. ನೀರು ಸಿಕ್ಕಲ್ಲಿಂದ ದೋಣಿ. "ಒಂದೂವರೆ ಗಂಟೆ ಆ ಲೈಟು ಅಲ್ಲೇ ತಿರುಗ್ತಾ ಇತ್ತು" ಎಂದರು ಅಮ್ಮ.

"ಆಮೇಲೆ?" ಎಂದೆ.

"ಆಮೇಲೆ ಏನು, ಅಲ್ಲಿ ಕೂತಿದ್ದಾರಲ್ಲ. ಬೀಡಿ ಬಿಡಿ ಅಂತ ನೀವಾದ್ರೂ ಹೇಳಿ."

ತೆಂಗಿನ ಮರದ ಬುಡದಲ್ಲಿ ಕೂತಿದ್ದ ಅಣ್ಣ ಬೀಡಿ ಇದ್ದ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡರು. ಕುರ್ಚಿ ಯಾವುದು ಎಂದು ಮೇಷ್ಟ್ರು ಕೇಳಿದರು. ಬೆಳಿಗ್ಗೆಯಿಂದ ನಾನು ಬಿಪಿ ನೋಡಲು ಎಲ್ಲರನ್ನೂ ಕೂರಿಸುತ್ತಿದ್ದ ಕುರ್ಚಿ. ಕೆಂಪು ಪ್ಲಾಸ್ಟಿಕ್, ಹಿಂದಿನ ಒಂದು ಕಾಲು ಸೀಳಿ ಅದಕ್ಕೆ ತಂತಿ ಸುತ್ತಿದ್ದಾರೆ. ಕೈಯ ಮೇಲೆ ಹಗ್ಗ ಉಜ್ಜಿದ ಗುರುತು ಎರಡೂ ಕಡೆ ಉಂಟು. ಬೆಳಿಗ್ಗೆ ನಾನು ಅದನ್ನು ಅಲುಗಾಡಿಸಿ, ಒಳ್ಳೆಯ ಕುರ್ಚಿ ಇಲ್ವಾ ಎಂದು ಕೇಳಿದ್ದೆ.

ನಾಲ್ಕೂವರೆಗೆ ನೀರು ಬಂತು. ಗಡಿಯಾರ ಬೇಕಾಗಲಿಲ್ಲ, ದೋಣಿ ತಾನೇ ಅಲುಗಿತು. ಹತ್ತುವಾಗ ಒಬ್ಬ ಅಜ್ಜಿ ಓಡುತ್ತಾ ಬಂದು ನನ್ನ ಅಂಗಿಯ ಕಿಸೆಗೆ ಏನೋ ತುರುಕಿದರು. "ಆಶಾ ಅಕ್ಕನಿಗೆ ಹೇಳ್ಬೇಡ ಮಗಾ" ಎಂದರು. ಮಾತ್ರೆಯ ಖಾಲಿ ಸ್ಟ್ರಿಪ್. ಯಾವಾಗಲೋ ಪೇಟೆಯ ಡಾಕ್ಟರು ಕೊಟ್ಟದ್ದಂತೆ, ಅದನ್ನು ತಗೊಂಡರೆ ಒಳ್ಳೆಯದಾಗುತ್ತದಂತೆ, ಅದೇ ಬೇಕಂತೆ. ದೋಣಿ ಹೊರಟಿತ್ತು.

ಭಾನುವಾರ

ಹಂಗಾರಕಟ್ಟೆಯಿಂದ ಬಾರ್ಜಿನಲ್ಲಿ ಕೋಡಿಬೆಂಗ್ರೆಗೆ. ಇದು ಕುದ್ರುವಲ್ಲ, ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ ಇರುವ ಉದ್ದನೆಯ ಮರಳಿನ ನಾಲಿಗೆ. ಸ್ವರ್ಣೆಯೂ ಸೀತೆಯೂ ಇಲ್ಲೇ ಸಮುದ್ರ ಸೇರುವುದು. ರಸ್ತೆ ಇದೆ, ಆದರೆ ಎದುರಿಗೆ ಕಾಣುವ ಹಂಗಾರಕಟ್ಟೆಗೆ ರಸ್ತೆಯಲ್ಲಿ ಹೋಗಬೇಕಾದರೆ ಕಲ್ಯಾಣಪುರ, ಬ್ರಹ್ಮಾವರ ಎಲ್ಲ ಸುತ್ತಬೇಕು.

ಮಧ್ಯಾಹ್ನದ ಹೊತ್ತಿಗೆ ಗುಡುಗು, ಮಳೆ, ಗಾಳಿ. ಶಾಮಿಯಾನ ಹಾರಿತು. ಹೆಚ್ಚಿನವರು ಮನೆಗೆ ಓಡಿದರು. ನನ್ನ ಒದ್ದೆ ಕೈಯಿಂದ ಸ್ಟ್ರಿಪ್ ಡಬ್ಬಿಯ ಮುಚ್ಚಳ ಸರಿಯಾಗಿ ಮುಚ್ಚಿರಲಿಲ್ಲ, ತೇವ ಹೋಗಿ ಅಷ್ಟೂ ಹಾಳು. ಮೂರು ದಿನದಲ್ಲಿ ಆ ಡಬ್ಬಿ ನನಗೆ ಎರಡನೇ ಸಲ ಮಾನ ಕಳೆಯಿತು. ಹೇಳುವಂಥದ್ದು ಬೇರೆ ಏನೂ ನಡೆಯಲಿಲ್ಲ. ಬಿಸಿ ಬಿಸಿ ಗೋಳಿಬಜೆ ಚೆನ್ನಾಗಿತ್ತು.

ಸೋಮವಾರ

ಕೊನೆಯ ದಿನ ಮಂಗಳೂರು. ಅಡ್ಯಾರಿನ ಹತ್ತಿರ ನೇತ್ರಾವತಿಯ ನಡುವೆ ಪಾವೂರು ಉಳಿಯ. ಉಡುಪಿಯ ಹುಡುಗನಾದ ನನಗೆ ಇದು ಹೊಸತು. ಹೆದ್ದಾರಿಯಲ್ಲಿ ಲಾರಿಗಳು ಹೋಗುವ ಸದ್ದು ಒಳಗಿನ ತನಕ ಕೇಳುತ್ತದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಬೇಸಿಗೆಯಲ್ಲಿ ಊರವರೇ ಕಟ್ಟಿಕೊಳ್ಳುವ ತಾತ್ಕಾಲಿಕ ಕಾಲುಸೇತುವೆಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮಳೆ ಹಿಡಿದ ಮೇಲೆ ಮತ್ತೆ ದೋಣಿ. ಪ್ರತಿ ವರ್ಷ ಕಟ್ಟುವುದು, ಪ್ರತಿ ವರ್ಷ ಬಿಚ್ಚುವುದು.

ಇಲ್ಲಿ ಹೆಚ್ಚಿನವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಗಳು. ಬಿಪಿ ನೋಡಿಸಿಕೊಳ್ಳಲು ಬಂದ ಒಬ್ಬ ಹಿರಿಯರು ಬಿಪಿಗಿಂತ ಮೊದಲು ನೆಲದ ಮಾತು ತೆಗೆದರು. ಮರಳುಗಾರಿಕೆಯಿಂದ ದಡ ಕುಸಿದು ಕುಸಿದು ಜಾಗ ಸಣ್ಣದಾಗುತ್ತಾ ಬಂದಿದೆ. ನೀರಿನೊಳಗೆ ಬೇರು ಬಿಟ್ಟು ನಿಂತ ಒಂದು ತೆಂಗಿನ ಮರವನ್ನು ತೋರಿಸಿ, "ಅದು ನಮ್ಮ ಅಂಗಳದ್ದು" ಎಂದರು. ಆಮೇಲೆ ಕೈ ಚಾಚಿದರು. ಐದು ನಿಮಿಷ ಸುಮ್ನೆ ಕೂರಿ ಎಂದೆ. ಕೂತರು, ಕಣ್ಣು ಮಾತ್ರ ಮರದ ಮೇಲೆಯೇ ಇತ್ತು. 156 ಬಂತು. ಡಾಕ್ಟ್ರಮ್ಮ ಚೀಟಿಯನ್ನೇ ಬರೆದರು. ನಾನು ನಕಲು ಮಾಡಿದೆ.

ಸಂಜೆ ಸೇತುವೆ ದಾಟಿ ಬರುವಾಗ ಹುಡುಗ ಡಾಕ್ಟರ್ ಕೇಳಿದ, ತುಳುವಿನಲ್ಲಿ ‘ಮತ್ತೆ ಬರುತ್ತೇನೆ’ ಅನ್ನಲು ಏನು ಹೇಳಬೇಕು ಎಂದು. "ನನ ಬರ್ಪೆ" ಎಂದೆ. ಬಸ್ ಸ್ಟಾಪಿನ ತನಕ ಅದನ್ನೇ ಬಾಯಿಪಾಠ ಮಾಡಿದ.

ಅದಾದ ಮೇಲೆ

ಮಂಗಳವಾರ ಅಂಗಿ ಒಗೆಯಲು ಹಾಕುವಾಗ ಕಿಸೆಯಲ್ಲಿ ಅಜ್ಜಿಯ ಸ್ಟ್ರಿಪ್ ಸಿಕ್ಕಿತು. ಮೆಡಿಕಲ್ಲಿಗೆ ಒಯ್ದೆ. ಅಂಗಡಿಯವರು ತಿರುಗಿಸಿ ತಿರುಗಿಸಿ ನೋಡಿದರು. ಅರ್ಧ ಹರಿದ ಸ್ಟ್ರಿಪ್. ಉಳಿದ ಅರ್ಧದಲ್ಲಿ ಇದ್ದದ್ದು ಬೆಲೆ ಮತ್ತು ತಾರೀಕು ಮಾತ್ರ. ಮಾತ್ರೆಯ ಹೆಸರು ಇದ್ದ ಅರ್ಧ ಅಜ್ಜಿಯ ಕುದ್ರುವಿನಲ್ಲೇ ಎಲ್ಲೋ ಬಿದ್ದಿರಬೇಕು.

ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. ಶನಿವಾರ ಆ ಅಜ್ಜಿಗೆ ನಾವು ಬಿಪಿ ಮಾತ್ರೆ ಬರೆದುಕೊಟ್ಟಿದ್ದೆವು. ಮೊದಲೇ ಯಾವುದೋ ಮಾತ್ರೆ ತಗೊಳ್ಳುತ್ತಿದ್ದೇನೆ ಎಂದು ಅಜ್ಜಿ ಹೇಳಿರಲಿಲ್ಲ. "ಅದೂ ಬಿಪಿಯದ್ದೇ ಆಗಿದ್ರೆ ಎರಡೆರಡು ಆಗ್ತದೆ ಮಾರಾಯ್ರೆ, ಹೆಸರು ಬೇಕೇ ಬೇಕು. ಮನೆಯಲ್ಲಿ ಹಳೆ ಚೀಟಿ ಉಂಟಾ ಕಾಣಿ" ಎಂದರು. ಆಶಾ ಅಕ್ಕನಿಗೆ ಹೇಳಬೇಡ ಎಂದಿದ್ದರು ಅಜ್ಜಿ. ನಾನು ಹೇಳಿದೆ. ಆ ಅಕ್ಕನಿಗೆ ಆಶ್ಚರ್ಯವೇ ಆಗಲಿಲ್ಲ. "ಸಕ್ಕರೆ ಡಬ್ಬಿಯ ಹಿಂದೆ ಇಡ್ತಾರೆ ಸರ್, ನೋಡಿದ್ದೇನೆ. ನಾಳೆ ಹೋಗುವನಾ?"

ದೋಣಿಯ ಅಣ್ಣನಿಗೆ ಫೋನ್ ಹಚ್ಚಿದೆ. ನಾಳೆ ಭರತ ಎಷ್ಟು ಗಂಟೆಗೆ ಎಂದು ಕೇಳಿದೆ.

"ಹತ್ತಕ್ಕೆ" ಎಂದರು. ಸ್ವಲ್ಪ ತಡೆದು, "ಡಬ್ಬಿ ಗಿಬ್ಬಿ ಎಲ್ಲ ಇವತ್ತೇ ಚೀಲಕ್ಕೆ ಹಾಕಿ" ಎಂದರು.